ನೀರೊಲೆಯ ಸೌದೆಗೆ ಎರಡು ಬೇಸಿಗೆ ಬೇಕು

ಮಾನ್ಯರೆ,

ಸಂಕ್ರಾಂತಿ ಮುಗಿದರೆ ಸಾಕು, ತುಮಕೂರು ಜಿಲ್ಲೆಯ ರಸ್ತೆಗಳಲ್ಲಿ ನೀಲಗಿರಿ, ಜಾಲಿ ಹೇರಿಕೊಂಡ ಟ್ರ್ಯಾಕ್ಟರುಗಳ ಓಡಾಟ ಜೋರಾಗುತ್ತದೆ. ಅಡುಗೆಗೆ ಗ್ಯಾಸ್ ಬಂದಿದೆ, ನಿಜ. ಆದರೆ ಬಚ್ಚಲಿನ ಹಂಡೆ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಸೌದೆಯನ್ನೇ ನಂಬಿಕೊಂಡಿದೆ. ಹೀಗೆ ಬಂದ ಸೌದೆ ಅಂಗಳದ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ, ಮೇಲಿನದು ಮೇಲೆಯೇ ಖರ್ಚಾಗುತ್ತದೆ, ಅಡಿಯದು ಮಳೆಗಾಲದವರೆಗೂ ಮಣ್ಣಿಗೆ ಅಂಟಿಕೊಂಡು ಗೆದ್ದಲ ಪಾಲಾಗುತ್ತದೆ. ಹಸ್ತ, ಚಿತ್ತೆ ಮಳೆಯಲ್ಲಿ ಸೌದೆ ಮುಗಿದವರು ಇನ್ನೊಂದು ಹಸಿ ಲೋಡು ತರಿಸುತ್ತಾರೆ. ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಮರುದಿನ ನಸುಕಿನಲ್ಲಿ ಒಲೆ ಹಚ್ಚಲು ಕೂತರೆ ಮನೆ ತುಂಬ ಹೊಗೆ. ಊದುಕೊಳವೆ ಹಿಡಿದ ಹೆಂಗಸರ ಕಣ್ಣಲ್ಲಿ ನೀರು.

ಈ ವರ್ಷ ಕಡಿದ ಸೌದೆಯನ್ನು ಈ ವರ್ಷವೇ ಉರಿಸಬಾರದು. ಈಗ ಸೀಳಿ ಒಟ್ಟುವುದು ಬರುವ ವರ್ಷಕ್ಕೆ, ಗಟ್ಟಿ ಮರವಾದರೆ ಅದರಾಚೆಯ ವರ್ಷಕ್ಕೆ. ನಾರ್ವೆಯಂಥ ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಸೌದೆಯನ್ನು ಒಂದೆರಡು ವರ್ಷ ಮೊದಲೇ ಒಟ್ಟಿಡುವುದು ವಾಡಿಕೆ. ನಮಗೆ ಮನೆ ಕಾಯಿಸುವ ಚಳಿಯಿಲ್ಲ, ಆದರೆ ಅವರಿಗಿಲ್ಲದ ಬಿಸಿಲಿದೆ. ಫೆಬ್ರುವರಿಯಿಂದ ಮೇ ನಡುವಿನವರೆಗೆ ಸಿಗುವ ಮೂರೂವರೆ ತಿಂಗಳ ಒಣಹವೆಯನ್ನು ನಾವು ಸುಮ್ಮನೆ ಬಿಟ್ಟುಕೊಡುತ್ತಿದ್ದೇವೆ.

ಹಸಿ ಮರದಲ್ಲಿ ಎಷ್ಟು ನೀರಿರುತ್ತದೆ ಎಂಬುದನ್ನು ಹೆಚ್ಚಿನವರು ಲೆಕ್ಕ ಹಾಕಿ ನೋಡುವುದಿಲ್ಲ. ಆಗ ತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಒಂದು ಟನ್ ಹಸಿ ಸೌದೆ ಕೊಂಡರೆ ಅದರಲ್ಲಿ ಮರ 500 ಕಿಲೊ, ನೀರು 500 ಕಿಲೊ. ಚೆನ್ನಾಗಿ ಒಣಗಿ ನೀರಿನಂಶ ಶೇ 20ಕ್ಕೆ ಇಳಿದಾಗ ಅದೇ ಸೌದೆ 625 ಕಿಲೊ ತೂಗುತ್ತದೆ. ಮಿಕ್ಕ 375 ಕಿಲೊ ನೀರಿಗೂ ನಾವು ಸೌದೆಯ ದರವನ್ನೇ ಕೊಟ್ಟಿರುತ್ತೇವೆ.

ಇನ್ನು ಒಲೆಯ ಲೆಕ್ಕ. ಐದಾರು ಜನರ ಮನೆಗೆ 60 ಲೀಟರ್ ನೀರು ಕಾಯಬೇಕು ಅಂತಿಟ್ಟುಕೊಳ್ಳಿ. 22 ಡಿಗ್ರಿಯಿಂದ 62 ಡಿಗ್ರಿಗೆ ಏರಿಸಲು ನೀರಿಗೆ ಸೇರಬೇಕಾದ ಶಾಖ 2,400 ಕಿಲೊ ಕ್ಯಾಲೊರಿ. ಶೇ 20 ನೀರಿನಂಶದ ಒಣ ಸೌದೆ ಕಿಲೊಗೆ ಸುಮಾರು 3,400 ಕಿಲೊ ಕ್ಯಾಲೊರಿ ಕೊಡುತ್ತದೆ. ಸಾಮಾನ್ಯ ಮೂರು ಕಲ್ಲಿನ ನೀರೊಲೆಯಲ್ಲಿ ಅದರ ಶೇ 15ರಷ್ಟು ಹಂಡೆಗೆ ಮುಟ್ಟಿದರೂ ಐದು ಕಿಲೊ ಒಳಗೆ ನೀರು ಕಾಯುತ್ತದೆ. ಹಸಿ ಸೌದೆಯಿಂದ ಸಿಗುವುದು ಕಿಲೊಗೆ 1,900 ಆಸುಪಾಸು. ಅದು ಉರಿಯದೆ ಹೊಗೆಯಾಡುವುದರಿಂದ ಹಂಡೆಗೆ ಮುಟ್ಟುವ ಪಾಲೂ ಇಳಿಯುತ್ತದೆ, ಹತ್ತಕ್ಕೆ ಒಂದು ಪಾಲು ಎಂದು ಹಿಡಿಯಿರಿ. ಆಗ ಹನ್ನೆರಡು ಕಿಲೊ ಮೀರಿ ಸೌದೆ ಬೇಕು. ಆ ಹನ್ನೆರಡು ಕಿಲೊದೊಳಗೆ ಆರು ಲೀಟರ್ ನೀರಿದೆ. ಒಂದು ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿ ಮಾಡಲು 600 ಕಿಲೊ ಕ್ಯಾಲೊರಿಗೂ ಹೆಚ್ಚು ಬೇಕು, ಆರು ಲೀಟರಿಗೆ 3,600 ದಾಟುತ್ತದೆ. ಅಂದರೆ ಹಂಡೆಯ ನೀರು ಕಾಯಿಸಲು ಹೋಗುವುದಕ್ಕಿಂತ ಸೌದೆಯೊಳಗಿನ ನೀರನ್ನು ಆವಿ ಮಾಡಲು ಹೋಗುವ ಶಾಖವೇ ಹೆಚ್ಚು. ಒಲೆಗಿಟ್ಟ ಹಸಿ ತುಂಡಿನ ಹೊರತುದಿಯನ್ನು ಗಮನಿಸಿ: ಒಳಗಿನ ತುದಿ ಕರಿಯಾಗುತ್ತಿದ್ದಂತೆ ಈಚೆ ತುದಿಯಲ್ಲಿ ಸುಂಯ್ ಎನ್ನುತ್ತಾ ಕಂದು ನೊರೆ ಉಕ್ಕಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಬೆಂಕಿ ಆ ಹೊತ್ತಿನಲ್ಲಿ ಹಂಡೆಯ ಕೆಲಸ ಬಿಟ್ಟು ಸೌದೆ ಒಣಗಿಸುವ ಕೆಲಸ ಮಾಡುತ್ತಿರುತ್ತದೆ. ಅದೇ ಹನ್ನೆರಡು ಕಿಲೊ ಒಂದು ಬೇಸಿಗೆ ಒಣಗಿದ್ದರೆ ಏಳೂವರೆ ಕಿಲೊ ಆಗಿ ಒಂದೂವರೆ ದಿನದ ನೀರು ಕಾಯಿಸುತ್ತಿತ್ತು.

ಈ ಲೆಕ್ಕದಲ್ಲಿ ಒಂದು ಮನೆಯ ಹಂಡೆಗೆ ವರ್ಷಕ್ಕೆ, ಬೇಸಿಗೆಯಲ್ಲಿ ತಣ್ಣೀರು ಸ್ನಾನ ಮಾಡುವ ದಿನ ಕಳೆದು, ಒಂದೂವರೆ ಟನ್ ಒಣ ಸೌದೆ ಬೇಕು. ಅದು ಸಿಗಲು ಹಸಿಯಾಗಿ ಎರಡೂವರೆ ಟನ್ ಹತ್ತಿರ ತರಿಸಬೇಕು. ಹತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರ, ಒಂದೂವರೆ ಅಡಿ ಅಗಲದ ಎರಡು ಸಾಲು ಒಟ್ಟಿದರೆ ಒಂದು ವರ್ಷದ್ದಾಯಿತು. ಈ ವರ್ಷ ಉರಿಸುವುದು, ಬರುವ ವರ್ಷದ್ದು, ಈಗ ತಂದ ಹಸಿಯದು ಎಂದು ಮೂರು ವರ್ಷದ ದಾಸ್ತಾನಿಗೆ ಆರು ಸಾಲು. ಸಾಲುಗಳ ನಡುವೆ ಒಂದೂವರೆ ಅಡಿ ಬಿಟ್ಟರೂ ಹದಿನೇಳು ಅಡಿಗೆ ಹತ್ತು ಅಡಿ ಜಾಗ ಸಾಕು. ಒಂದು ಎತ್ತಿನ ಗಾಡಿ, ಒಂದು ಹುಲ್ಲಿನ ಬಣವೆಗೆ ಬಿಡುವ ಜಾಗಕ್ಕಿಂತ ಇದು ಹೆಚ್ಚೇನಲ್ಲ.

ಕಡಿಯುವ ಕಾಲ ಡಿಸೆಂಬರಿನಿಂದ ಫೆಬ್ರುವರಿ. ಮೊದಲು ತುಂಡರಿಸಿ, ಹಸಿಯಿರುವಾಗಲೇ ಸೀಳಬೇಕು. ಆಮೇಲೆ ಸೀಳಿದರಾಯಿತು ಎಂದು ಗುಂಡುಗಳನ್ನು ಬಿಟ್ಟವರು ನೀಲಗಿರಿಯಲ್ಲಿ ಕೈ ಸೋಲುತ್ತಾರೆ: ಅದರ ನಾರು ಸುರುಳಿ ಸುತ್ತಿಕೊಂಡಿರುತ್ತದೆ, ಒಣಗಿದ ಮೇಲೆ ಕೊಡಲಿ ಚಿಮ್ಮಿ ಬರುತ್ತದೆ, ಬೆಣೆ ಕಚ್ಚಿಕೊಂಡು ಕೂರುತ್ತದೆ. ಹುಣಸೆಯೂ ಹಾಗೆಯೇ. ಅದಕ್ಕೆ ಎರಡು ಕಬ್ಬಿಣದ ಬೆಣೆ, ಒಂದು ಸಮ್ಮಟಿಗೆ ಇಲ್ಲದೆ ಕೈ ಹಾಕಬಾರದು. ಬೆಣೆಯನ್ನು ನಡುಮಧ್ಯಕ್ಕೆ ಇಡದೆ ಅಂಚಿನಿಂದ ಮೂರು ಇಂಚು ಒಳಗೆ ಇಟ್ಟು ಸುತ್ತ ಸುತ್ತ ಚಕ್ಕೆ ಎಬ್ಬಿಸುತ್ತಾ ಹೋದರೆ ಗಂಟು ಮರವೂ ಬಗ್ಗುತ್ತದೆ. ಉದ್ದ ಒಂದೂವರೆ ಅಡಿ, ದಪ್ಪ ಮೂರು ನಾಲ್ಕು ಇಂಚು ನೀರೊಲೆಗೆ ಸರಿ. ಅಡುಗೆ ಒಲೆಗಾದರೆ ಒಂದಡಿ ಉದ್ದ, ಎರಡು ಇಂಚು ದಪ್ಪ. ಮರದ ನೀರು ತೊಗಟೆಯ ಮೂಲಕ ಹೋಗುವುದು ಬಲು ನಿಧಾನ, ಕತ್ತರಿಸಿದ ತುದಿಯ ಮೂಲಕ ಹತ್ತಾರು ಪಟ್ಟು ಬೇಗ ಹೋಗುತ್ತದೆ. ಆದ್ದರಿಂದ ನಾಲ್ಕು ಅಡಿಯ ಗಳಗಳನ್ನು ಹಾಗೆಯೇ ಒರಗಿಸಿಟ್ಟು ವರ್ಷ ಕಳೆದರೂ ಒಳಗೆ ಹಸಿ ಉಳಿದಿರುತ್ತದೆ. ತೊಗಟೆ ಸುಲಿಯುವುದಂತೂ ಬಹಳ ಒಳ್ಳೆಯದು. ನೀಲಗಿರಿಯ ತೊಗಟೆ ಹಸಿಯಲ್ಲಿ ಪಟ್ಟೆಪಟ್ಟೆಯಾಗಿ ಕೈಯಲ್ಲೇ ಬರುತ್ತದೆ. ಕೊರಕ ಹುಳು ಮೊಟ್ಟೆಯಿಡುವುದು, ಚೇಳು ಸೇರಿಕೊಳ್ಳುವುದು ಎರಡೂ ತೊಗಟೆಯ ಸಂದಿನಲ್ಲೇ.

ಮರಗಳ ವಿಷಯದಲ್ಲಿ ಒಂದಷ್ಟು. ನಮ್ಮ ಕಡೆಗೆ ಸರ್ವೆ, ಕರಿಜಾಲಿ, ಬಳ್ಳಾರಿ ಜಾಲಿ, ಹುಣಸೆ ಮೊದಲ ದರ್ಜೆಯವು: ಭಾರ, ಉರಿ ನಿಧಾನ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬಳ್ಳಾರಿ ಜಾಲಿ ಅರೆಹಸಿಯಿದ್ದರೂ ಹತ್ತಿಕೊಳ್ಳುತ್ತದೆ ಎಂಬ ಧೈರ್ಯದಲ್ಲಿ ಅದನ್ನು ಒಣಗಿಸದೆ ಉರಿಸುವವರೇ ಹೆಚ್ಚು. ಹತ್ತಿಕೊಂಡ ಮಾತ್ರಕ್ಕೆ ಅದರೊಳಗಿನ ನೀರು ಎಲ್ಲಿಗೂ ಹೋಗಿರುವುದಿಲ್ಲ. ಮಾವು, ಹೊಂಗೆ ಮಧ್ಯಮ. ಬೇಗ ಒಣಗುತ್ತವೆ, ಅಷ್ಟೇ ಬೇಗ ಹುಳು ಬೀಳುತ್ತದೆ. ಒಟ್ಟಿನ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ಸಾಲನ್ನು ಮೊದಲು ಉರಿಸಿಬಿಡಿ, ಇವನ್ನು ಒಂದು ವರ್ಷದ ಮೇಲೆ ಇಡುವುದೇ ಬೇಡ. ಹಾಲುವಾಣ, ನುಗ್ಗೆ, ಬೂರುಗ ಒಟ್ಟಿಡುವ ಮರಗಳಲ್ಲ. ತೆಂಗಿನ ಕಾಂಡ ಸ್ಪಂಜಿನಂತೆ ನೀರು ಹಿಡಿಯುತ್ತದೆ, ಸೌದೆಗೆ ಅದನ್ನು ಲೆಕ್ಕಕ್ಕಿಡಬೇಡಿ. ಆದರೆ ತಿಪಟೂರು, ತುರುವೇಕೆರೆ, ಗುಬ್ಬಿ ಕಡೆಯವರಿಗೆ ಎಡೆಮಟ್ಟೆ, ಹೊಂಬಾಳೆ, ಕರಟಕ್ಕೆ ಬರವಿಲ್ಲ. ಬೆಂಕಿ ಹೊತ್ತಿಸಲು ಅವಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಮಳೆ ಹನಿ ತಾಗದ ಹಾಗೆ ಅಟ್ಟದ ಮೇಲೋ ಗೋಣಿಚೀಲದಲ್ಲೋ ಇಟ್ಟುಕೊಂಡರೆ ಸರಿ. ರೇಷ್ಮೆ ಮಾಡುವ ಕಡೆ ಹಿಪ್ಪುನೇರಳೆ ಕಡ್ಡಿಯೂ ಅದೇ ಕೆಲಸಕ್ಕೆ ಬರುತ್ತದೆ.

ನೀಲಗಿರಿಯ ಬಗ್ಗೆ ಪ್ರತ್ಯೇಕ ಹೇಳಬೇಕು. ನಂದಿಬೆಟ್ಟದ ಗಿಡಗಳಿಂದ ಬಂದ ‘ಮೈಸೂರು ಗಮ್’ ತಳಿಯೇ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹೊಲಗಳನ್ನೆಲ್ಲ ತುಂಬಿದ್ದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ತೋಪು ತೆಗೆಸುವವರು ಜೆಸಿಬಿಯಲ್ಲಿ ಬೊಡ್ಡೆ ಕೀಳಿಸುತ್ತಾರೆ. ಗಳ ಬೇರೆಡೆಗೆ ಹೋಗಿ ಬೊಡ್ಡೆ ಸೌದೆಗೆ ಉಳಿಯುತ್ತದೆ. ಬೊಡ್ಡೆಯ ಮರ ಗಟ್ಟಿ, ಉರಿ ಚೆನ್ನಾಗಿದೆ. ಆದರೆ ಬೇರಿನ ಸಂದಿಯಲ್ಲಿ ಮಣ್ಣು, ಕಲ್ಲು ಕಚ್ಚಿಕೊಂಡಿರುತ್ತವೆ, ಕೊಡಲಿ ಬಾಯಿ ಒಂದೇ ದಿನದಲ್ಲಿ ಹೋಗುತ್ತದೆ. ಬಯಲಲ್ಲಿ ಒಂದು ತಿಂಗಳು ಬಿಟ್ಟು, ಮಣ್ಣು ಒಣಗಿ ಉದುರಿದ ಮೇಲೆ ಗುದ್ದಲಿಯ ಹಿಂಬದಿಯಿಂದ ಬಡಿದು, ಆನಂತರ ಸೀಳಬೇಕು. ಬೊಡ್ಡೆಗೆ ಒಂದು ಬೇಸಿಗೆ ಸಾಲುವುದೇ ಇಲ್ಲ.

ಮರದ ನೀರು ಎರಡು ಬಗೆ. ನಾಳಗಳಲ್ಲಿ ತುಂಬಿದ್ದು ಬೇಗ ಹೋಗುತ್ತದೆ. ನಾರಿಗೆ ಅಂಟಿಕೊಂಡದ್ದು ಅದಾದ ಮೇಲೆ, ತಡವಾಗಿ ಬಿಡುತ್ತದೆ. ತುದಿಗಳಲ್ಲಿ ನಕ್ಷತ್ರದಂತೆ ಬಿರುಕು ಬೀಳುವುದು ಆ ಹಂತದಲ್ಲೇ. ಬಿರುಕು ಕಂಡ ಕೂಡಲೆ ಒಣಗಿತು ಎಂದು ಒಲೆಗಿಡುವುದು ಸಾಮಾನ್ಯ ತಪ್ಪು. ಆಗಿನ್ನೂ ಅರ್ಧ ದಾರಿ. ಮೂರು ಇಂಚಿನ ಸೀಳು ಒಂದು ಬೇಸಿಗೆಯಲ್ಲಿ ಸಿದ್ಧವಾಗುತ್ತದೆ, ಆರೇಳು ಇಂಚಿನ ಗುಂಡು, ಬೊಡ್ಡೆ, ಹುಣಸೆ ಎರಡು ಬೇಸಿಗೆ ಕೇಳುತ್ತವೆ.

ಸಾಲು ಹಾಕುವ ಕೆಲಸವನ್ನೇ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸಾಲು ಉತ್ತರ ದಕ್ಷಿಣವಾಗಿರಲಿ. ಆಷಾಢದ ಪಡುವಣ ಗಾಳಿ, ಮಾಗಿಯ ಮೂಡಣ ಗಾಳಿ ಎರಡೂ ಆಗ ಕತ್ತರಿಸಿದ ತುದಿಗಳ ಮೇಲೆ ನೇರ ಬೀಸುತ್ತವೆ. ಗೋಡೆಯಿಂದ ಕನಿಷ್ಠ ಒಂದಡಿ ದೂರ. ಅಡಿಪಾಯಕ್ಕೆ ಮರದ ದಿಮ್ಮಿ ಬೇಡ, ಅದು ಗೆದ್ದಲಿಗೆ ಏಣಿ ಇಟ್ಟಂತೆ. ನಮ್ಮ ಜಿಲ್ಲೆಯಲ್ಲಿ ಬೇಲಿಗೆ ನೆಡುವ ಕಲ್ಲು ಕೂಚ ಎಲ್ಲೆಡೆ ಸಿಗುತ್ತದೆ. ಸೈಜುಗಲ್ಲುಗಳನ್ನು ಮೂರು ಅಡಿಗೊಂದರಂತೆ ಇಟ್ಟು, ಅವುಗಳ ಮೇಲೆ ಕೂಚಗಳನ್ನು ಒಂದಡಿ ಅಂತರದ ಎರಡು ಗೆರೆಯಾಗಿ ಮಲಗಿಸಿ. ನೆಲದಿಂದ ಒಂಬತ್ತು ಇಂಚು ಎತ್ತರ ಇರಬೇಕು, ಕೆಳಗೆ ಪೊರಕೆ ಆಡುವಷ್ಟು. ಎರಡು ಕೊನೆಗೆ ಒಂದೊಂದು ಕೂಚವನ್ನು ಒಂದೂವರೆ ಅಡಿ ಹೂತು ನಿಲ್ಲಿಸಿದರೆ ಸಾಲು ಜಾರುವುದಿಲ್ಲ. ಕೂಚ ಇಲ್ಲದವರು ಕೊನೆಯ ಎರಡಡಿಯನ್ನು ಒಂದು ವರಸೆ ಉದ್ದ, ಒಂದು ವರಸೆ ಅಡ್ಡವಾಗಿ ಚೌಕ ಕಟ್ಟಿಕೊಂಡು ಬರಲಿ. ನಾಲ್ಕು ಅಡಿಗಿಂತ ಎತ್ತರ ಬೇಡ. ಸೌದೆ ಒಣಗಿದಂತೆ ಕುಗ್ಗುತ್ತದೆ, ಅದೂ ಬಿಸಿಲು ಬೀಳುವ ಮಗ್ಗುಲಲ್ಲಿ ಮೊದಲು, ಹಾಗಾಗಿ ಎತ್ತರದ ಸಾಲು ಬಿಸಿಲ ಕಡೆ ವಾಲಿ ಒಂದು ದಿನ ಮಕ್ಕಳ ಮೇಲೆ ಬೀಳುತ್ತದೆ. ಯುಗಾದಿ ಹೊತ್ತಿಗೆ ಒಮ್ಮೆ ಸಾಲಿನ ನೇರ ನೋಡಿ, ವಾಲಿದ್ದರೆ ಬಿಚ್ಚಿ ಮತ್ತೆ ಒಟ್ಟಿ. ತುಂಡುಗಳನ್ನು ಬಿಗಿಯಾಗಿ ಗಿಡಿಯಬಾರದು, ಇಲಿ ನುಸುಳುವಷ್ಟು ಸಂದು ಇದ್ದರೆ ಗಾಳಿ ಆಡುತ್ತದೆ. ತೊಗಟೆ ಇದ್ದರೆ ಮೇಲಿನ ವರಸೆಯಲ್ಲಿ ಮಾತ್ರ ತೊಗಟೆ ಮೇಲ್ಮುಖವಾಗಿರಲಿ, ಅದೇ ಹೆಂಚಿನಂತೆ ನೀರು ಜಾರಿಸುತ್ತದೆ.

ಹೊದಿಕೆಯ ವಿಷಯದಲ್ಲಿ ಆಗುವಷ್ಟು ಹಾನಿ ಇನ್ನಾವುದರಲ್ಲೂ ಆಗುವುದಿಲ್ಲ. ಮಳೆ ಬಂತೆಂದು ನೀಲಿ ಟಾರ್ಪಾಲನ್ನು ಬುಡದವರೆಗೂ ಹೊದಿಸಿ ಹಗ್ಗ ಬಿಗಿಯುತ್ತಾರೆ. ಸೌದೆಯಿಂದ ಹೊರಟ ಆವಿ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ಮತ್ತೆ ಸೌದೆಯ ಮೇಲೇ ಬೀಳುತ್ತದೆ. ಹದಿನೈದು ದಿನ ಬಿಟ್ಟು ತೆರೆದರೆ ಬೆಚ್ಚಗಿನ ಹುಳಿವಾಸನೆ, ತುದಿಗಳ ಮೇಲೆ ಬಿಳಿ ಬೂಷ್ಟು. ಮೇಲೆ ಮಾತ್ರ ತಗಡು ಅಥವಾ ಶೀಟು ಹಾಕಿ, ಎರಡೂ ಕಡೆ ಆರಾರು ಇಂಚು ಚಾಚಿರಲಿ, ಒಂದು ಕಡೆಗೆ ಇಳಿಜಾರು ಕೊಟ್ಟು ಮೇಲೆ ಕಲ್ಲು ಹೇರಿ. ಬದಿಗಳು ತೆರೆದೇ ಇರಬೇಕು. ಇರಚಲು ಹೊಡೆದು ಮೈ ನೆನೆದರೆ ಎರಡು ದಿನದ ಗಾಳಿಗೆ ಆರಿಹೋಗುತ್ತದೆ, ಅದು ಮರದೊಳಗಿನ ನೀರಿನಂತಲ್ಲ. ಏಪ್ರಿಲ್ ಕೊನೆಯ ಭರಣಿ ಮಳೆಯೊಳಗೆ ತಗಡು ಮೇಲೇರಿರಲಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎನ್ನುವುದು ಹೊಲಕ್ಕೆ ಸಂತೋಷದ ಮಾತು, ತೆರೆದಿಟ್ಟ ಸೌದೆಗಲ್ಲ.

ಗೆದ್ದಲಿಗೆ ಮದ್ದು ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಆ ವಿಷ ನಾಳೆ ಬಚ್ಚಲಿನ ಹೊಗೆಯಲ್ಲೇ ಬರುತ್ತದೆ. ಮುಂಗಾರು ಬಿದ್ದ ಮೇಲೆ ವಾರಕ್ಕೊಮ್ಮೆ ಬಗ್ಗಿ ನೋಡಿ, ಕಲ್ಲಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಹಾದಿ ಏರಿದ್ದರೆ ಕೆರೆದು ಹಾಕಿ. ಬುಡದಲ್ಲಿ ಬಿದ್ದ ಚಕ್ಕೆ, ತೊಗಟೆ ಗುಡಿಸಿ ತೆಗೆಯಿರಿ. ಗೆದ್ದಲನ್ನು ಕರೆಯುವುದೇ ಆ ಕಸ. ಬಣ್ಣ ಬಳಿದ ಹಳೆ ಬಾಗಿಲು, ಪ್ಲೈವುಡ್ ಚೂರುಗಳನ್ನೂ ನೀರೊಲೆಗೆ ಹಾಕಬೇಡಿ. ಹಾವಿನ ಭಯ ಇರುವವರು ಕೈ ಹಾಕುವ ಮುಂಚೆ ಉದ್ದನೆಯ ಕೊಕ್ಕೆಯಿಂದ ಮೇಲಿನ ತುಂಡು ಎಳೆದುಕೊಳ್ಳಲಿ, ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಒಟ್ಟಿನ ಹತ್ತಿರ ಹೋಗಬಾರದು.

ಒಣಗಿದ್ದು ತಿಳಿಯುವುದು ಹೇಗೆ? ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದರೆ ಹಸಿಯದು ಡಬ್ ಎನ್ನುತ್ತದೆ, ಒಣಗಿದ್ದು ಠಣ್ ಎನ್ನುತ್ತದೆ. ಇದಕ್ಕಿಂತ ನಂಬಿಕೆಯ ದಾರಿ ತಕ್ಕಡಿ. ಸೀಳಿದ ದಿನ ಸುಮಾರು ಎರಡು ಕಿಲೊದ ಮೂರು ಸೀಳು ಆರಿಸಿ, ತೂಗಿ, ತೂಕ ಮತ್ತು ತಾರೀಕನ್ನು ಮಾರ್ಕರಿನಲ್ಲಿ ಅದರ ಮೈಮೇಲೇ ಬರೆಯಿರಿ. ಸಾಲಿನ ಮೇಲೆ, ನಡುವೆ, ಕೆಳಗೆ ಒಂದೊಂದನ್ನು ಸೇರಿಸಿ, ಪ್ರತಿ ಅಮಾವಾಸ್ಯೆಗೆ ಹೊರತೆಗೆದು ತೂಗಿ. ಮೊದಲ ತಿಂಗಳು ತೂಕ ಸರಸರನೆ ಇಳಿಯುತ್ತದೆ, ಆಮೇಲೆ ನಿಧಾನ. ಎರಡು ಕಿಲೊದ್ದು ಒಂದೂಕಾಲು ಕಿಲೊಗೆ ಬಂದು ನಿಂತರೆ ಅದು ಶೇ 20ರ ಹತ್ತಿರ ಬಂತೆಂದು ಅರ್ಥ. ಮೇಲಿನದು ಬಂದು ಕೆಳಗಿನದು ಬಾರದಿದ್ದರೆ ಬುಡಕ್ಕೆ ಗಾಳಿ ಆಡುತ್ತಿಲ್ಲ, ಕಸ ತೆಗೆಯಿರಿ. ಒಂದು ತಿಂಗಳಿಗೂ ಇನ್ನೊಂದಕ್ಕೂ ತೂಕ ಬದಲಾಗದಿದ್ದಾಗ ಕೂಚದ ಮೇಲೆ ಸುಣ್ಣದಲ್ಲಿ ಒಟ್ಟಿದ ವರ್ಷ ಬರೆದು, ಹಳೆಯ ಸಾಲು ಮುಗಿಯದೆ ಹೊಸದನ್ನು ಮುಟ್ಟದಂತೆ ಮನೆಯವರಿಗೆಲ್ಲ ಹೇಳಿ. ಒಲೆಗೆ ಹತ್ತಿರದ ಸಾಲಿಗೇ ಕೈ ಹೋಗುವುದು ಸಹಜ, ಆದ್ದರಿಂದ ಹಸಿಯದನ್ನು ದೂರದ ತುದಿಯಲ್ಲಿ ಒಟ್ಟುವುದು ಮೇಲು.

ಒಣ ಸೌದೆಯ ಪೂರ್ತಿ ಲಾಭ ಸಿಗಲು ಒಲೆಯೂ ಸರಿಯಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಆಸ್ಟ್ರ’ ಕೇಂದ್ರ ತನ್ನ ಹಳ್ಳಿ ಕೆಲಸಕ್ಕೆ ಆರಿಸಿಕೊಂಡಿದ್ದು ನಮ್ಮದೇ ಕುಣಿಗಲ್ ತಾಲ್ಲೂಕಿನ ಉಂಗ್ರ. ಅಲ್ಲಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಸೌದೆಯ ಖರ್ಚು, ಅದನ್ನು ಹೊರುವ ಹೆಂಗಸರ ಸಮಯ ಎಲ್ಲವನ್ನೂ ಅಳೆದು ನೋಡಿಯೇ ಕಡಿಮೆ ಸೌದೆ ಬೇಡುವ, ಚಿಮಣಿಯಿರುವ ಆಸ್ಟ್ರ ಒಲೆ ರೂಪುಗೊಂಡದ್ದು. ಆ ಒಲೆಗೆ ಚಿಕ್ಕದಾಗಿ ಸೀಳಿದ ಒಣ ಸೌದೆಯೇ ಬೇಕು. ಹಸಿಯದು ಹಾಕಿದರೆ ಚಿಮಣಿಯ ಕೊಳವೆಯಲ್ಲಿ ಡಾಂಬರಿನಂಥ ಮಸಿ ಕಟ್ಟಿ, ಹೊಗೆ ಮೇಲೆ ಹೋಗದೆ ಬಾಯಿಂದಲೇ ಹಿಂದಿರುಗುತ್ತದೆ. ಒಲೆ ಕೆಟ್ಟಿತು ಎಂದು ಒಡೆದುಹಾಕಿದ ಕಡೆ ಕೊಳವೆಯೊಳಗೆ ಒಮ್ಮೆ ಗಳ ಆಡಿಸಿದ್ದರೆ ಸಾಕಿತ್ತು. ಬಚ್ಚಲೊಳಗೇ ಒಲೆ ಇರುವವರು ಇನ್ನೊಂದು ಮಾತು ಗಮನಿಸಬೇಕು: ಕುಮುಲುವ ಹಸಿ ಸೌದೆ, ಕೆಂಡ ಎರಡೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತವೆ, ಅದಕ್ಕೆ ವಾಸನೆಯಿಲ್ಲ. ಚಳಿಯೆಂದು ಕಿಟಕಿ ಮುಚ್ಚಿ ಸ್ನಾನಕ್ಕೆ ಕೂರಬಾರದು.

ಕೊನೆಗೆ ಎರಡು ಕೋರಿಕೆ. ಸೌದೆ ಡಿಪೋದವರು ಪ್ರತಿ ರಾಶಿಗೂ ಕಡಿದ ತಿಂಗಳು ಬರೆದ ಹಲಗೆ ನೆಡಲಿ, ಒಣಗಿದ್ದಕ್ಕೊಂದು ಹಸಿಯದಕ್ಕೊಂದು ಬೇರೆ ದರ ಇಡಲಿ. ಈಗ ತೂಕದ ಮೇಲೆ ಒಂದೇ ದರ ಇರುವುದರಿಂದ ಒಣಗಿಸಿ ಮಾರುವವನಿಗೆ ನಷ್ಟ, ನೆನೆಸಿ ಮಾರುವವನಿಗೆ ಲಾಭ. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ ಎರಡು ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ನೀರಿನಂಶ ಶೇ 20 ಮೀರಬಾರದೆಂಬ ನಿಯಮ ಜಾರಿಯಲ್ಲಿದೆ. ಅಷ್ಟು ದೂರ ಹೋಗದಿದ್ದರೂ ಹಲಗೆಯೊಂದಕ್ಕೆ ಕಾನೂನು ಬೇಕಿಲ್ಲ. ಛತ್ರ, ಕಲ್ಯಾಣ ಮಂಟಪಗಳಂತೆ ಸಗಟಾಗಿ ಕೊಳ್ಳುವವರು ಕೇಳಿದರೆ ಮಾರುವವರು ಬರೆದೇ ಬರೆಯುತ್ತಾರೆ. ಕೊಳ್ಳುವವರು ಸುರಿದ ಲೋಡಿನ ಎತ್ತರ ನೋಡಿ ಮೋಸಹೋಗಬಾರದು, ಸುರಿದದ್ದನ್ನು ಸಾಲಾಗಿ ಒಟ್ಟಿದರೆ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ.

ಇನ್ನೊಂದು ಕೋರಿಕೆ ತಮ್ಮ ಪತ್ರಿಕೆಗೆ. ಕೃಷಿ ಪುಟದಲ್ಲಿ ಮಳೆ ನಕ್ಷತ್ರಗಳ ಪಟ್ಟಿ ಹಾಕುವಾಗ ಅದರ ಜೊತೆಗೆ ಸೌದೆಯ ಕಾಲವನ್ನೂ ಒಂದು ಸಾಲು ಸೇರಿಸಿ: ಶಿವರಾತ್ರಿಯೊಳಗೆ ಸೀಳುವುದು, ಭರಣಿಯೊಳಗೆ ತಗಡು, ಮುಂಗಾರಿನಲ್ಲಿ ವಾರಕ್ಕೊಮ್ಮೆ ಬುಡ ನೋಡುವುದು, ನೀರು ತುಂಬುವ ಹಬ್ಬಕ್ಕೆ ಎರಡು ವರ್ಷ ಹಿಂದಿನ ಸಾಲು ಬಿಚ್ಚುವುದು.

— ಒಬ್ಬ ಓದುಗ, ಕುಣಿಗಲ್ ತಾಲ್ಲೂಕು, ತುಮಕೂರು ಜಿಲ್ಲೆ